ಬರ್ತೇನ್ರಿ

ಗುರುಪಾದ ಎಂದಿನಂತೆ ಹಿಂದಕ್ಕೆ ನೋಡದೆಯೇ ಅಂಗೈ ಚಾಚಿದ. ಸಂಜೆಯ ಚಹಾಕ್ಕೆ ಮುಂಚೆ ಆ ಕೈಗೆ ಬಿ.ಪಿ. ಗುಳಿಗೆ ಬಂದು ಬೀಳುವುದು ಅವನ ಸಂಸಾರದ ರೂಢಿ. ಇವತ್ತು ಬೀಳಲಿಲ್ಲ. ದ್ವೀಪದಿಂದ ಹಡಗಿಗೆ ಮರಳಿ ಗಂಟೆಯ ಮೇಲಾಗಿತ್ತು; ತಿರುಗಿದರೆ ಡೆಕ್ಕಿನ ಮೇಲೆ ಖಾಲಿ ಕುರ್ಚಿ. ಕ್ಯಾಬಿನ್ನಿನಲ್ಲಿ ಹೆಂಡತಿ ವಾಣಿಶ್ರೀ ಇಲ್ಲ, ಊಟದ ಕೋಣೆಯಲ್ಲೂ ಇಲ್ಲ.

"ಇಕ್ಬಾಲ, ವಾಣಿ ನಿಮ್ಮ ದೋಣ್ಯಾಗ ಬಂದ್ಲಲ್ಲ?"

ಇಕ್ಬಾಲ ಅಮರಗೋಳದ ಅರಳೆ ಮಾರ್ಕೆಟ್ಟಿನಲ್ಲಿ ಗುರುಪಾದನ ಪಕ್ಕದ ಅಂಗಡಿಯವನು. ದ್ವೀಪ ಸುತ್ತುವ ಈ ಹಡಗಿನ ಪ್ರವಾಸಕ್ಕೆ ಇವರನ್ನು ಹೊರಡಿಸಿದವನೂ ಅವನೇ. "ಇಲ್ಲಲ್ಲಣ್ಣಾ. ವೈನಿ ನಿಮ್ಮ ಹಿಂದ ಬರ್ತಾರ ಅಂತ ನಾವು ಮುಂದ ಬಂದ್ವಿ. ನಿಮಗೇನು ಹೇಳಿದ್ರು?"

"ನಾ ಬರ್ತೇನ್ರಿ ಅಂದ್ಲಪಾ."

"ಬರ್ತೇನಿ ಅಂದ್ರ ಹೋಗೋದೋ, ಬರೋದೋ?"

ಇವತ್ತಿನ ಮೂರನೆಯ ದ್ವೀಪದಲ್ಲಿ, ಅರಳೆಯ ಧಾರಣೆ ನೋಡಲೆಂದು ಮೊಬೈಲು ಎತ್ತಿ ಹಿಡಿದು ಗುರುಪಾದ ಸಿಗ್ನಲ್ ಹುಡುಕುತ್ತಿದ್ದ. ತೆಂಗಿನ ಮರಗಳ ಕಡೆಯಿಂದ ಆ ಮಾತು ಕೇಳಿಸಿತ್ತು. ಮನೆಯಿಂದ ಹೊರಡುವಾಗ ಯಾರಾದರೂ 'ಹೋಗುತ್ತೇನೆ' ಎನ್ನುವುದುಂಟೆ? ಮೊದಲ ದೋಣಿಗೆ ಹೊರಟಳೆಂದುಕೊಂಡು ತಾನು ಎರಡನೆಯದನ್ನು ಹತ್ತಿದ್ದ. ಅವಳು ಹೇಳಿದ್ದು, ನಾನೂ ಬರುತ್ತೇನೆ, ತಡೆಯಿರಿ ಎಂದು; ಅದು ಅವನಿಗೆ ಈಗ ಹೊಳೆಯಿತು.

"ಎಲ್ಲರ ಬಿಲ್ಲೆಯೂ ವಾಪಸ್ ಬಂದಿದೆ" ಎಂದು ಹಡಗಿನ ಅಧಿಕಾರಿ ಹಿಂದಿಯಲ್ಲಿ ವಾದಿಸಿದ. ದ್ವೀಪಕ್ಕೆ ಇಳಿಯುವವರಿಗೆ ಕೊಟ್ಟ ನಂಬರಿನ ಬಿಲ್ಲೆಯನ್ನು ಮರಳಿದವರು ಹಲಗೆಯ ಮೊಳೆಗೆ ಹಾಕುವುದೇ ಅಲ್ಲಿನ ತಲೆಲೆಕ್ಕ. ಬಾರದೆ ಏನು? ಹೆಂಡತಿಯ ಬಿಲ್ಲೆ ಇದ್ದುದೂ ಗುರುಪಾದನ ಜೇಬಿನಲ್ಲೇ. ಎರಡನ್ನೂ ಅವನೇ ಮೊಳೆಗೆ ತೂಗುಹಾಕಿದ್ದ. ನೀರಿಳಿಯುತ್ತಿದೆ, ಕತ್ತಲಾದರೆ ಹವಳದ ಬಂಡೆ ದಾಟಿ ದೋಣಿ ಹೋಗುವುದಿಲ್ಲ ಎಂದು ಅಧಿಕಾರಿ ಅನುಮಾನಿಸಿದ. ಮಾರ್ಕೆಟ್ಟಿನಲ್ಲಿ ಯಾರಿಗೂ ತಲೆಬಾಗದ ಗುರುಪಾದ ಅಲ್ಲಿ ಎರಡೂ ಕೈ ಜೋಡಿಸಿದ.

ಇಕ್ಬಾಲನನ್ನೂ ಹತ್ತಿಸಿಕೊಂಡು ದೋಣಿ ಹೊರಟಿತು. ಸೂರ್ಯ ನೀರಿಗೆ ತಾಗಿದ್ದ. ಊರಿನ ಉಣಕಲ್ ಕೆರೆಯ ದೋಣಿಯನ್ನೂ ಹತ್ತದ ಹೆಂಗಸು, ಈಜು ಬಾರದವಳು, ಜನವಸತಿಯಿಲ್ಲದ ದ್ವೀಪದಲ್ಲಿ ಒಬ್ಬಳೇ. ಗುರುಪಾದ ದೇವರನ್ನೂ ತನ್ನನ್ನೂ ಒಟ್ಟಿಗೆ ಬೈದುಕೊಂಡ.

"ಅಣ್ಣಾ, ಅಲ್ಲಿ ನೋಡ್ರಿ" ಎಂದ ಇಕ್ಬಾಲ. ವಾಣಿಶ್ರೀ ದಂಡೆಯಲ್ಲಿರಲಿಲ್ಲ. ಹಡಗಿನ ದೀಪದ ಕಡೆಗೆ ಮುಖಮಾಡಿ, ಚೀಲವನ್ನು ತಲೆಯ ಮೇಲೆ ಹಿಡಿದು ಎದೆಮಟ್ಟದ ನೀರಿನಲ್ಲಿ ಬರುತ್ತಿದ್ದಳು. ದೋಣಿ ನಡೆಸುವವನು ವೇಗ ಹೆಚ್ಚಿಸಿದ. ಅವಳ ಮುಂದೆ ಬಂಡೆ ಮುಗಿದು ಆಳದ ನೀರು ಕಪ್ಪಗಿತ್ತು.

"ವಾಣೀ, ಬರಬ್ಯಾಡ. ಅಲ್ಲೇ ನಿಂದ್ರ. ನಾನs ಬರ್ತೇನಿ."

ಗಾಳಿಯಲ್ಲಿ ಏನು ಕೇಳಿಸಿತೋ, ಅವಳು ಇನ್ನೊಂದು ಹೆಜ್ಜೆ ಎತ್ತಿದಳು. ಮತ್ತೆ ಹಿಂದಕ್ಕೇ ಇಟ್ಟಳು. ದೋಣಿ ಸುತ್ತಿ ಬಂದು ಪಕ್ಕಕ್ಕೆ ನಿಂತಾಗ ಇಬ್ಬರೂ ಸೇರಿ ಅವಳನ್ನು ಎಳೆದುಕೊಂಡರು.

ಹಡಗು ಹತ್ತಿರವಾದಾಗ ಅವಳು ಕೇಳಿದಳು: "ನಾ ಇಲ್ಲ ಅಂತ ಯಾವಾಗ ಗೊತ್ತಾತ್ರಿ?"

"ಹಡಗ ಹತ್ತಿದ ಕೂಡ್ಲೇ" ಎಂದ ಗುರುಪಾದ. ಇಕ್ಬಾಲ ಸಮುದ್ರ ನೋಡತೊಡಗಿದ.

ವಾಣಿಶ್ರೀ ಒದ್ದೆಯಾಗದಂತೆ ಕಾಪಾಡಿದ್ದ ಚೀಲ ಬಿಚ್ಚಿ, ಒಂದು ಗುಳಿಗೆ ಬಿಡಿಸಿದಳು.

"ಹೊತ್ತು ಮೀರೇತಿ. ಹಿಡೀರಿ."

ಕೈ ಚಾಚಲು ಗುರುಪಾದನಿಗೆ ಧೈರ್ಯ ಸಾಲಲಿಲ್ಲ.