ಮೊದಲ ಕೈ

"ಕೈ ಎತ್ತಿದರೆ ಸಾಕು, ಬೋದಿಲ್. ಕೊಳ್ಳಬೇಕಾಗಿಲ್ಲ," ಎಂದ ಪ್ರೆಬೆನ್, ನೆಲಮಾಳಿಗೆಯ ಬಾಗಿಲನ್ನು ಬೆನ್ನಿನಿಂದ ಒತ್ತಿ ಮುಚ್ಚುತ್ತ.

ಅವನ ಸುತ್ತ ಪೋರ್ಚುಗಲ್ಲಿನ ಕೆಂಪು ವೈನಿನ ಪೆಟ್ಟಿಗೆಗಳು ಸೂರಿನವರೆಗೆ ಪೇರಿಕೊಂಡಿದ್ದವು. ಅಲ್ಲಿಯ ನದಿದಂಡೆಯಲ್ಲಿ, ಇಳಿಬಿಸಿಲಿನಲ್ಲಿ, ತೋಟದ ಒಡೆಯನ ಹೆಗಲ ಮೇಲೆ ಕೈಯಿಟ್ಟು ಸವಿದಾಗ ಅದು ಅಮೃತವಾಗಿತ್ತು. ತನ್ನ ಊರಾದ ರೀಬೆಯ ನವೆಂಬರ್ ಚಳಿಗೆ ಬಂದಿಳಿದ ಮೇಲೆ ಬರೀ ವೈನಾಯಿತು. ಹೊಸ ವರ್ಷದೊಳಗೆ ಆ ರಾಶಿ ಕರಗದಿದ್ದರೆ ಅಪ್ಪನ ಕಾಲದ ಅಂಗಡಿಗೆ ಬೀಗ ಬೀಳುವುದೆಂದು ಬ್ಯಾಂಕಿನವರು ಬಹಳ ನಯವಾಗಿ ತಿಳಿಸಿದ್ದರು.

ಪ್ರೆಬೆನ್ ಏರ್ಪಡಿಸುವ ವೈನು ಸವಿಯುವ ಊಟಗಳಿಗೆ ಜನರ ಕೊರತೆಯೇನೂ ಇರಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದರು, ಉಣ್ಣುತ್ತಿದ್ದರು, ಲೋಟವನ್ನು ದೀಪಕ್ಕೆ ಹಿಡಿದು ತಲೆದೂಗುತ್ತಿದ್ದರು. ಕೊನೆಯಲ್ಲಿ ಅವನು, "ಐದರ ಬೆಲೆಗೆ ಆರು ಬಾಟಲಿಯ ಪೆಟ್ಟಿಗೆ, ಈ ಮೇಜಿನ ಮುಂದೆ ಕೂತವರಿಗೆ ಮಾತ್ರ. ಯಾರಿಗೆ ಬೇಕು?" ಎಂದು ಕೇಳಿದೊಡನೆ ಎಲ್ಲರೂ ಮೇಜುಬಟ್ಟೆಯ ನೇಯ್ಗೆಯನ್ನು ಪರೀಕ್ಷಿಸತೊಡಗುತ್ತಿದ್ದರು. ಆ ಊರಿನಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ಎತ್ತಿಕೊಳ್ಳರು. ಸಭೆಯಲ್ಲಿ ಮೊದಲ ಕೈಯನ್ನೂ ಎತ್ತರು. ಮುಂದೆ ಬಿದ್ದವನು ತನ್ನನ್ನು ತಾನೇ ದೊಡ್ಡವನೆಂದುಕೊಂಡಿದ್ದಾನೆ ಎಂಬ ಮಾತು ಹುಟ್ಟುತ್ತದೆ. ಕಳ್ಳನೆನಿಸಿಕೊಂಡಾದರೂ ಅಲ್ಲಿ ಬಾಳಬಹುದು, ದೊಡ್ಡಸ್ತಿಕೆಯವನೆನಿಸಿಕೊಂಡು ಬಾಳಲಾಗದು.

"ಒಂದು ಕುರಿ ಹಳ್ಳ ದಾಟಿದರೆ ಉಳಿದದ್ದೆಲ್ಲ ತಾನಾಗಿ ದಾಟುತ್ತೆ," ಎಂದ ಪ್ರೆಬೆನ್. "ನೀವು ಇಷ್ಟು ವರ್ಷ ಚರ್ಚಿನಲ್ಲಿ ಆರ್ಗನ್ ನುಡಿಸಿದವರು. ನೀವು ಶುರು ಮಾಡಿದ ಮೇಲೇ ತಾನೆ ಈ ಊರು ಹಾಡೋಕೆ ಬಾಯಿ ಬಿಡ್ತಿದ್ದದ್ದು? ಊಟದ ಮರುದಿನ ಬೆಳಿಗ್ಗೆ ಹಿತ್ತಿಲ ಬಾಗಿಲಿಗೆ ಬನ್ನಿ, ಕೊಂಡವರ ಪಟ್ಟಿಯಿಂದ ನಿಮ್ಮ ಹೆಸರು ಹೊಡೆದು ಹಾಕ್ತೀನಿ. ಈ ವಿಷಯ ಯಾರಿಗೂ ಬೇಡ."

"ನುಡಿಸುವಾಗ ನನ್ನ ಬೆನ್ನು ಜನರ ಕಡೆಗಿರ್ತಿತ್ತಪ್ಪಾ," ಎಂದಳು ಬೋದಿಲ್. ಆದರೂ ಒಪ್ಪಿದಳು. ಅವನ ಕಣ್ಣ ಕೆಳಗಿನ ಕಪ್ಪನ್ನು ನೋಡಿದ ಮೇಲೆ ಇಲ್ಲವೆನ್ನಲು ಆಕೆಗೆ ನಾಲಗೆ ಹೊರಳಲಿಲ್ಲ.

ಮನೆ ಸೇರುವಷ್ಟರಲ್ಲಿ ಧೈರ್ಯ ಕರಗಿತು. ಇಡೀ ಮೇಜು ತನ್ನ ಕಂಕುಳನ್ನೇ ನೋಡುವ ದೃಶ್ಯ ಕಣ್ಣಿಗೆ ಕಟ್ಟಿತು. ಮಾರನೆಯ ದಿನ ಪಕ್ಕದ ಮನೆಯ ದಂತವೈದ್ಯ ಟೋರ್ವಾಲ್ಡನ ಅಡುಗೆಮನೆಯಲ್ಲಿ ಕುಳಿತು ಗುಟ್ಟನ್ನು ಬಿಚ್ಚಿದಳು.

"ನೀನು ಮೊದಲು ಎತ್ತು. ಹಿಂದೆಯೇ ನಾನೂ ಎತ್ತುತ್ತೀನಿ. ನಿನ್ನ ಹೆಸರನ್ನೂ ಹೊಡೆಸ್ತೀನಿ. ಅಂಗಡಿ ಉಳಿಯೋ ಮಾತು, ಟೋರ್ವಾಲ್ಡ್."

"ಊರಿನ ಅರ್ಧ ಜನರ ಬಾಯಿ ತೆರೆಸಿದೋನು ನಾನು. ಒಂದು ಕೈ ಏನು ಮಹಾ," ಎಂದ ಅವನು. ಆಮೇಲೆ ಕಿಟಕಿಯಾಚೆ ನೋಡಿದ. "ಯೋಚನೆ ಬಿಡು. ಏನಾದರೂ ವ್ಯವಸ್ಥೆ ಮಾಡ್ತೀನಿ."

ಸಂತ ಮಾರ್ಟಿನ್ನನ ಹಬ್ಬದ ಮುನ್ನಾ ಸಂಜೆ ಮೇಜು ತುಂಬಿತು. ಹುರಿದ ಬಾತುಕೋಳಿ, ಕೆಂಪು ಕೋಸು, ಸಕ್ಕರೆಪಾಕದಲ್ಲಿ ಹೊರಳಿಸಿದ ಆಲೂಗಡ್ಡೆ. ಪ್ರೆಬೆನ್ ವೈನು ಬಗ್ಗಿಸಿದ.

"ಕುದುರೆಯ ಹಳೇ ಜೀನಿನ ಚರ್ಮದ ವಾಸನೆ," ಎಂದಳು ಔಷಧದಂಗಡಿಯ ಗುದ್ರುನ್.

"ಲವಂಗ," ಎಂದ ಟೋರ್ವಾಲ್ಡ್. ಅವನಿಗೆ ಎಲ್ಲ ವೈನಿನಲ್ಲಿಯೂ ಲವಂಗವೇ ಸಿಗುತ್ತಿತ್ತು, ಬ್ರೆಡ್ಡಿನಲ್ಲಿಯೂ ಸಿಗುತ್ತಿತ್ತು.

"ಸೈಕಲ್ ಟ್ಯೂಬು," ಎಂದ ರಿಪೇರಿ ಅಂಗಡಿಯ ಹೋಲ್ಗರ್. "ಹೊಗಳಿದ್ದೇ ಮಾರಾಯ್ರೇ. ಒಳ್ಳೇ ಕಂಪನಿ ಟ್ಯೂಬು."

ಮೇಜಿನ ಆ ತುದಿಯಲ್ಲಿದ್ದ ಪಾದ್ರಿ ಆಸ್ಗೆರ್ ಬಾತುಕೋಳಿಯನ್ನು ಮುಟ್ಟಿರಲಿಲ್ಲ. ಜಿಪುಣತನಕ್ಕೆ ಹೆಸರಾದ ಅವರು ಮುಂಗಡ ದುಡ್ಡು ಕೊಟ್ಟ ಊಟವನ್ನು ತಟ್ಟೆಯಲ್ಲಿ ಬಿಟ್ಟದ್ದನ್ನು ಊರು ಹಿಂದೆಂದೂ ಕಂಡಿರಲಿಲ್ಲ.

"ಐದರ ಬೆಲೆಗೆ ಆರು," ಎಂದ ಪ್ರೆಬೆನ್. "ಯಾರಿಗೆ ಬೇಕು?"

ಬೋದಿಲ್ ಮೇಜಿನಡಿಯಲ್ಲಿ ಟೋರ್ವಾಲ್ಡನ ಕಾಲನ್ನು ಒದ್ದಳು. ಅವನು ಗುದ್ರುನ್‌ಳನ್ನು ದಿಟ್ಟಿಸುತ್ತಿದ್ದ. ಗುದ್ರುನ್ ಹೋಲ್ಗರ್‌ನನ್ನು. ಹೋಲ್ಗರ್ ತನ್ನ ಪಕ್ಕದವರನ್ನು. ಹೀಗೆ ನೋಟವೊಂದು ಬ್ರೆಡ್ಡಿನ ಬುಟ್ಟಿಯಂತೆ ಒಬ್ಬರಿಂದೊಬ್ಬರಿಗೆ ದಾಟಿ ಆ ತುದಿಯನ್ನು ಮುಟ್ಟಿತು. ಪಾದ್ರಿ ಲೋಟವನ್ನು ಒಂದೇ ಗುಟುಕಿಗೆ ಬರಿದು ಮಾಡಿ, ಕಣ್ಣು ಮುಚ್ಚಿ, ಕೈ ಎತ್ತಿದರು.

"ಎರಡು ಪೆಟ್ಟಿಗೆ," ಎಂದರು.

ಕಟ್ಟೆಯೊಡೆಯಿತು. ಅವರ ಪಕ್ಕದವರು, ಪಕ್ಕದವರ ಪಕ್ಕದವರು, ಹೋಲ್ಗರ್, ಗುದ್ರುನ್, ಟೋರ್ವಾಲ್ಡ್. ಕೊನೆಗೆ ಬೋದಿಲ್. ಹೇಗೂ ಕೊಡಬೇಕಾದ್ದಿಲ್ಲವೆಂದು ಆಕೆ ನಾಲ್ಕು ಪೆಟ್ಟಿಗೆ ಬರೆಸಿದಳು. ಅಷ್ಟು ಉದಾರತೆ ಆ ಮೇಜಿನಲ್ಲಿ ಅಂದು ಸಾಂಕ್ರಾಮಿಕವಾಗಿತ್ತು. ನೆಲಮಾಳಿಗೆಯೇ ಬರಿದಾಯಿತು. ಪ್ರೆಬೆನ್ ಗೋಡೆಯತ್ತ ತಿರುಗಿ ಕೈವಸ್ತ್ರದಿಂದ ಕಣ್ಣೊರೆಸಿಕೊಂಡ.

"ನಮ್ಮ ಅಗತ್ಯವೇ ಬೀಳಲಿಲ್ಲ ನೋಡು," ಎಂದು ಬೋದಿಲ್ ಪಿಸುಗುಟ್ಟಿದಳು. "ಊರು ಬದಲಾಗಿದೆ."

"ಬದಲಾಗಿದೆ," ಎಂದ ಟೋರ್ವಾಲ್ಡ್, ಖಾಲಿ ಲೋಟದೊಳಗೆ ನೋಡುತ್ತ.

ಬೆಳಿಗ್ಗೆ ಆಕೆ ಹಗುರ ಮನಸ್ಸಿನಿಂದ ಅಂಗಡಿಯ ಹಿತ್ತಿಲಿಗೆ ಬಂದಳು. ಟೋರ್ವಾಲ್ಡ್ ಆಗಲೇ ನಿಂತಿದ್ದ. ಅವನ ಹಿಂದೆ ಗುದ್ರುನ್, ಗುದ್ರುನ್‌ಳ ಹಿಂದೆ ಹೋಲ್ಗರ್. ಹಿಂದಿನ ರಾತ್ರಿಯ ಮೇಜೇ ಎದ್ದು ಬಂದು ಗೋಡೆಗೊರಗಿತ್ತು. ಎಲ್ಲರೂ ಆಕಾಶವನ್ನು ನೋಡುತ್ತಿದ್ದರು, ಆಕಾಶದಲ್ಲಿ ಏನೂ ಇರಲಿಲ್ಲ.

"ಇವರೆಲ್ಲ ಯಾಕೆ?" ಎಂದಳು ಬೋದಿಲ್.

"ನನಗೂ ಧೈರ್ಯ ಬರಲಿಲ್ಲ," ಎಂದ ಟೋರ್ವಾಲ್ಡ್. "ಗುದ್ರುನ್‌ಗೆ ಹೇಳಿದೆ, ನೀನು ಮೊದಲು ಎತ್ತು, ನಿನ್ನ ಹೆಸರೂ ಹೊಡೆಸ್ತೀನಿ ಅಂತ."

"ನಾನು ಹೋಲ್ಗರ್‌ಗೆ ಹೇಳಿದೆ," ಎಂದಳು ಗುದ್ರುನ್.

"ನಾನು ಪಕ್ಕದವರಿಗೆ," ಎಂದ ಹೋಲ್ಗರ್, ಟೋಪಿಯನ್ನು ಹಿಂಡುತ್ತ.

ಸಾಲಿನ ತುದಿಯಿಂದ ಪಾದ್ರಿ ಗಂಟಲು ಸರಿಮಾಡಿಕೊಂಡರು. "ನಾನು ಹೇಳೋಣ ಅಂದ್ರೆ ಯಾರೂ ಉಳಿದಿರಲಿಲ್ಲ."

ಮೇಲಿನ ಕಿಟಕಿ ಧಡಾರನೆ ತೆರೆಯಿತು. ಕಿವಿಗೆ ಫೋನೊತ್ತಿಕೊಂಡ ಪ್ರೆಬೆನ್ ಸಾಲನ್ನು ನೋಡಿ ಮುಖವರಳಿಸಿದ. "ನೂಕಾಡಬೇಡಿ, ಎಲ್ಲರಿಗೂ ಸಿಗುತ್ತೆ! ಪೋರ್ಚುಗಲ್ಲಿಂದ ಇನ್ನೊಂದು ಲಾರಿ ವೈನಿಗೆ ಈಗ ತಾನೆ ಹೇಳಿದೆ."