ಚಹಾಕ್ಕೆ ಬಾರದವಳ ಸಹಿ

ಪಲ್ಲವಿ ಟಿಕ್ ತೆಗೆದಳು.

ಮತ್ತೆ ಹಾಕಿದಳು... ಮತ್ತೆ ತೆಗೆದಳು.

ಹಿಂದೆ ನಿಂತಿದ್ದ ಮುಧೋಳ ಸರ್ ಗಡಿಯಾರ ನೋಡಿಕೊಂಡರು. "ಎಷ್ಟೊತ್ತು ಅದನ್ನ ಆಡಸ್ತೀ ತಂಗಿ? ತಗೀ ಅಂದ್ರ ತಗೀ. ಆರ್ಡರ್ ಕೊಡೂ ಪಾರ್ಟಿ ಮಂದಿ ಬರೂ ಹೊತ್ತಾತು."

ಅದು ಹುಬ್ಬಳ್ಳಿಯ ಹೊರಗಿನ ಒಂದು ಖಾರಿ ಬಿಸ್ಕತ್ತಿನ ಫ್ಯಾಕ್ಟರಿ. ಮುಧೋಳ ಅಲ್ಲಿನ ಮ್ಯಾನೇಜರ್. ಹೊಸ ಸಾಫ್ಟ್‌ವೇರ್ ಕೂರಿಸುವುದು ಪಲ್ಲವಿಯ ಕೆಲಸ.

ಹಿಟ್ಟು ಬದಲಾಗಲಿ, ಲೇಬಲ್ ಬದಲಾಗಲಿ, ಮಶೀನು ಬದಲಾಗಲಿ... ಯಾರು ಏನು ಮಾಡಬೇಕೆಂದು ಸಾಫ್ಟ್‌ವೇರ್ ತಾನೇ ಕೆಲಸ ಹಂಚುತ್ತದೆ. ಸ್ಟೋರ್‌ನವರಿಗೆ ಒಂದು, ರಿಪೇರಿಯವರಿಗೆ ಒಂದು. ಹೀಗೆ ಮೊದಲೇ ಗೊತ್ತುಮಾಡಿಟ್ಟ ಕೆಲಸಗಳಿಗೆ ಸ್ಟ್ಯಾಂಡರ್ಡ್ ಆ್ಯಕ್ಷನ್ ಎಂದು ಹೆಸರು.

'ಕಡ್ಡಾಯ' ಎಂದು ಟಿಕ್ ಹಾಕಿದ ಕೆಲಸ ಮುಗಿಯದಿದ್ದರೆ ಆ ಮಶೀನಿಗೆ ಆರ್ಡರ್ ಹೊರಡುವುದಿಲ್ಲ. ಮಶೀನು ಸುಮ್ಮನೆ ನಿಂತಿರುತ್ತದೆ.

ಈಗ ನಿಂತಿರುವ ಹಾಗೆ.

ಹಿಟ್ಟು ಲಟ್ಟಿಸುವ ರೋಲರ್ ಮಶೀನಿಗೆ, ಕೈ ಒಳಗೆ ಹೋಗದಂತೆ, ಹೊಸ ಜಾಳಿಗೆ ಕೂರಿಸಿದ್ದರು. ನಿಲ್ಲಿಸಲು ಕಾಲಿನ ಪೆಡಲ್ ಕೊಟ್ಟಿದ್ದರು. ಎಲ್ಲ ಕೆಲಸವೂ ಮುಗಿದಿತ್ತು, ಕೊನೆಯದೊಂದು ಬಿಟ್ಟು...

'ಆ ಮಶೀನಿನ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರಿಗೂ ತೋರಿಸಿ, ಸಹಿ ಪಡೆಯುವುದು.'

ಬಾಕಿ ಇದ್ದದ್ದು ಒಂದೇ ಸಹಿ. ರಜೆಯ ಮೇಲಿದ್ದ ಶಮಶಾದಬಿಯದು.

"ಆಕೀ ಇವತ್ತ ಬರ್ತಾಳ. ಚಹಾದ ಹೊತ್ತಿನ್ಯಾಗ ಹೇಳಿದ್ರಾತು," ಎಂದರು ಮುಧೋಳ. "ಇಷ್ಟು ವರ್ಷ ಹಂಗೇ ನಡದೈತಿ. ಒಂದ್ ಟಿಕ್ ಸಲುವಾಗಿ ಲೈನ್ ನಿಂದ್ರಸ್ತೀಯೇನು? ಆರ್ಡರ್ ಹೋತು ಅಂದ್ರ ನಿನ್ನ ಕಂಪ್ಯೂಟರ್ ನಮಗ ಅನ್ನ ಹಾಕತೈತೇನು?"

ಪಲ್ಲವಿ ಕುರ್ಚಿಯಿಂದ ಎದ್ದಳು. ಕಿಟಕಿಯವರೆಗೆ ಹೋದಳು... ವಾಪಸ್ ಬಂದು ಕೂತಳು. ಕಾಲು ಅಲ್ಲಾಡುವುದು ನಿಲ್ಲಲಿಲ್ಲ.

ಚಹಾದ ಹೊತ್ತು!

ಆ ಫ್ಯಾಕ್ಟರಿಯಲ್ಲಿ ಏನೇ ಬದಲಾದರೂ ಸುದ್ದಿ ಹರಡುತ್ತಿದ್ದದ್ದು ಕ್ಯಾಂಟೀನಿನ ಚಹಾದ ಜೊತೆಗೇ. ಗ್ಲಾಸು ಹಿಡಿದುಕೊಂಡು ಮುಧೋಳ ಜೋರಾಗಿ ಹೇಳುತ್ತಿದ್ದರು. ಎಲ್ಲರೂ ತಲೆಯಾಡಿಸುತ್ತಿದ್ದರು. ಮುಗಿಯಿತು.

ರಂಜಾನಿನಲ್ಲಿ ಒಂದು ದಿನವೂ ಹಾಗೇ ಹೇಳಿದ್ದರು... ರೋಲರಿನ ಸ್ಟಾಪ್ ಬಟನ್ ಬಲಗಡೆಯಿಂದ ತೆಗೆದು ಮೇಲೆ ಹಾಕಿದ್ದೇವೆ ಎಂದು.

ಎಲ್ಲರೂ ಕೇಳಿಸಿಕೊಂಡರು.

ರೋಜಾದ ಉಪವಾಸ ಇದ್ದ ಶಮಶಾದಬಿ ಚಹಾಕ್ಕೆ ಬಂದಿರಲಿಲ್ಲ.

ಅದೇ ಸಂಜೆ ಅವಳ ತೋಳಿನ ಬಟ್ಟೆ ರೋಲರಿಗೆ ಸಿಕ್ಕಿತು. ಎಡಗೈ ಒಳಗೆ ಹೋಗುತ್ತಿದ್ದಾಗ ಬಲಗೈ ತನ್ನಷ್ಟಕ್ಕೆ ಬಟನ್ ಹುಡುಕಿತು, ಯಾವಾಗಲೂ ಇದ್ದ ಜಾಗದಲ್ಲಿ.

ಅಲ್ಲಿ ಇದ್ದದ್ದು ಸ್ಕ್ರೂ ಬಿಚ್ಚಿದ ಖಾಲಿ ತೂತುಗಳು...

"ಬರಲೇನ್ರೀ?"

ಬಾಗಿಲಲ್ಲಿ ಶಮಶಾದಬಿ ನಿಂತಿದ್ದಳು. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಆ ಕೈಯನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡಿರಲಿಲ್ಲ.

ಮುಧೋಳ ಮೇಜಿನ ಮೇಲಿದ್ದ ಪೆನ್ನನ್ನು ನೋಡಿದರು, ಗೋಡೆ ನೋಡಿದರು. ಆ ಕೈಯನ್ನು ನೋಡಲಿಲ್ಲ.

"ಬಾರವ್ವಾ... ಹೆಂಗದೀ?"

"ಎಂಟು ಬೆರಳಿನ್ಯಾಗ ರೊಟ್ಟಿ ಬಡೀಲಿಕ್ಕೆ ಬರತೈತ್ರಿ. ಆದ್ರ ದುಂಡಗ ಆಗಂಗಿಲ್ಲ," ಎಂದು ಅವಳು ನಕ್ಕಳು. "ನನ್ನ ಮನಿಯಾಂವ ಅಂತಾನ, ಮೊದ್ಲೂ ಆಗ್ತಿದ್ದಿಲ್ಲ ಬಿಡು ಅಂತ."

ಪಲ್ಲವಿಗೂ ನಗು ಬಂತು.

ಮುಧೋಳ ಮಾತ್ರ ನಗಲಿಲ್ಲ. "ಆವತ್ತ ನೀ ಚಹಾಕ್ಕ ಬಂದಿಲ್ಲ ಅನ್ನೂದು..." ಅವರ ದನಿ ಒಡೆಯಿತು. "ನನಗ ಲಕ್ಷ್ಯಕ್ಕೇ ಬರಲಿಲ್ಲವ್ವಾ. ಎಲ್ಲಾರಿಗೂ ಹೇಳೇನಿ ಅಂದ್ಕೊಂಡಿದ್ನಿ."

ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

"ಆದದ್ದು ಆತ್ರಿ," ಎಂದಳು ಶಮಶಾದಬಿ. "ಈಗ ಹೇಳ್ರಿ. ನಾ ಇಲ್ಲದಾಗ ನನ್ನ ಮಶೀನಿನ್ಯಾಗ ಏನೇನು ಬದಲಾಗೈತಿ?"



ಪಲ್ಲವಿ ಪರದೆಯತ್ತ ತಿರುಗಿದಳು. 'ಕಡ್ಡಾಯ' ಎಂಬಲ್ಲಿ ಟಿಕ್ ಹಾಕಿದಳು. ಈ ಸಲ ಸೇವ್ ಒತ್ತಿದಳು.

ಅವಳ ಕಾಲು ಅಲ್ಲಾಡುವುದು ನಿಂತಿತು.

ಅಷ್ಟರಲ್ಲಿ ಗೇಟಿನಲ್ಲಿ ಕಾರಿನ ಹಾರ್ನ್... ಪಾರ್ಟಿ ಬಂದೇಬಿಟ್ಟಿತ್ತು.

ಮುಧೋಳ ಗಡಬಡಿಸಿ ಕನ್ನಡಕ ಹಾಕಿಕೊಂಡರು. ಕಿಟಕಿಯಾಚೆ ನೋಡಿದರು, ನಿಂತ ಮಶೀನು ನೋಡಿದರು. ಫ್ಲಾಸ್ಕಿನಿಂದ ತಾವೇ ಒಂದು ಗ್ಲಾಸಿಗೆ ಚಹಾ ಬಗ್ಗಿಸಿ ಅವಳ ಮುಂದಿಟ್ಟರು. ಪಕ್ಕದಲ್ಲಿ ಸಹಿಯ ಹಾಳೆ, ಪೆನ್ನು.

"ಶಮಶಾದವ್ವಾ, ಇವತ್ತೊಂದಿನ ಸಹಿ ಹಾಕಿಬಿಡು. ಮಶೀನ್ ಬ್ಯಾರೆದಾರು ನಡಸ್ತಾರ. ನೀ ಪ್ಯಾಕಿಂಗಿನ್ಯಾಗ ಆರಾಮ ಕುಂದ್ರು, ಪಗಾರ ಅಷ್ಟೇ ಇರ್ತೈತಿ... ನಾಳೆ ಮುಂಜಾನೆ ನಾನೇ ನಿಂತು ಎಲ್ಲಾ ತೋರಸ್ತೀನಿ. ತಗೋ, ಚಹಾ ಕುಡಿ."

ಹೊರಗೆ ಮತ್ತೊಮ್ಮೆ ಹಾರ್ನ್.

ಶಮಶಾದಬಿ ಮೂರು ಬೆರಳಿನ ಕೈಯಿಂದ ಗ್ಲಾಸನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದಳು.

"ಒಲ್ಲೇರಿ. ಮಶೀನ್ ನೋಡದೇ ಸಹಿ ಹಾಕಂಗಿಲ್ಲ."

.

ಬದಲಾವಣೆ ಹೇಳಿದಾಗ ಮುಗಿಯುವುದಿಲ್ಲ... ಕೊನೆಯವರಿಗೆ ತಲುಪಿದಾಗ ಮುಗಿಯುತ್ತದೆ.

.

"ಎಲ್ಲರಿಗೂ ಹೇಳಿದ್ದೇನೆ" ಎಂದು ನೀವು ಕಳೆದ ಸಲ ಅಂದಾಗ... ಆ ಹೊತ್ತಿಗೆ ಅಲ್ಲಿ ಇಲ್ಲದವರು ಯಾರು?