ನಾಲ್ಕನೆಯ ಪಿಂಡ

“ಮುನ್ಸೂಚನೆ ಅಂದ್ರೆ, ಕಥೆಯಲ್ಲಿ ಮುಂದೆ ಆಗೋದರ ಸುಳಿವನ್ನ ಮೊದಲೇ ಇಡೋದು,” ಎಂದು ಗೋದಾವರಿ ನಾಳಿನ ಇಂಟರ್ ಪರೀಕ್ಷೆಯ ಪಾಠವನ್ನು ಒಪ್ಪಿಸಿದಳು. ನದಿದಡದ ಹನುಮಾನ್ ಘಾಟಿನ ಮನೆಯಲ್ಲಿ ಗಂಡನ ದಾರಿ ಕಾಯುತ್ತ ಊಟಕ್ಕೆ ಮೂರು ಎಲೆ ಹಾಕಿದ್ದ ಅನಂತಲಕ್ಷ್ಮಿ, “ಉದಾಹರಣೆ ಹೇಳೇ, ಪಂಡಿತೆ,” ಎಂದು ನಕ್ಕಳು.

“ಅಪ್ಪಂದೇ ಹೇಳ್ತೀನಿ. ಬೆಳಿಗ್ಗೆ ಯಾತ್ರಿಕರು ಕೊಟ್ಟಿದ್ದು ಮೂರು ಹೆಸರು, ಇಟ್ಟಿದ್ದು ಮೂರು ಪಿಂಡ. ಅವರು ಹೋದ ಮೇಲೆ ಅಪ್ಪ ತಾವೇ ನಾಲ್ಕನೇದು ಇಟ್ರು. ಪಾಪ, ಬಾಯಿ ತಪ್ಪಿ ತಮ್ಮ ಹೆಸರೇ ಹೇಳಿದ್ರು! ನಾನು ನಕ್ಕರೆ, ‘ಸರಿಯಾಗೇ ಇದೆ ಮಗು, ನೀನು ಮನೆಗೆ ಹೋಗು’ ಅಂದ್ರು. ಅಷ್ಟೇ, ಕಥೆಯಾಗಿದ್ರೆ ಅದೇ ಮುನ್ಸೂಚನೆ. ಮುಂದೆ ಏನಾಗುತ್ತೆ, ಹೇಳು ನೋಡೋಣ?”

ಅನಂತಲಕ್ಷ್ಮಿಯ ನಗು ನಿಂತಿತು. ಬದುಕಿರುವಾಗಲೇ ತನ್ನ ಪಿಂಡವನ್ನು ತಾನೇ ಇಡುವವನು ಸಂನ್ಯಾಸಕ್ಕೆ ಹೊರಟವನು. ಆಮೇಲೆ ಅವನಿಗೆ ಹೆಂಡತಿಯಿಲ್ಲ, ಮಗಳಿಲ್ಲ, ಮನೆಯಿಲ್ಲ. ಇಪ್ಪತ್ತು ವರ್ಷ ಪುರೋಹಿತನೊಡನೆ ಬಾಳಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹೇಳಮ್ಮ, ಮುಂದೆ?”

ಅವಳು ಬಗ್ಗಿ, ಮೂರು ಎಲೆಗಳಲ್ಲಿ ಒಂದನ್ನು ಎತ್ತಿ, ಮೆಲ್ಲಗೆ ಮಡಿಸಿದಳು.